ಮುಖ ನೋಡಿ ಮಣೆ ಹಾಕಬೇಡ

ಬಾಟಲಿಯ ಮುಖ ನೋಡಬೇಡ, ಬೆನ್ನು ನೋಡು. ನಾನು ಹೇಳಬೇಕಾದ್ದರಲ್ಲಿ ಅರ್ಧ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನೀನು "ಆಯ್ತು ಬಿಡಿ ಅಜ್ಜಿ, ಗೊತ್ತಾಯ್ತು" ಅಂದು, ಶುಕ್ರವಾರ ಸಂಜೆ ಬ್ರೂಮ್‌ಹಿಲ್‌ನ ಫುಲ್‌ವುಡ್ ರಸ್ತೆಯ ಅಂಗಡಿಗೆ ನುಗ್ಗಿ, ಮೈತುಂಬ ಚಿನ್ನದ ಬಣ್ಣದ ತಂತಿಬಲೆ ಸುತ್ತಿಕೊಂಡ ಬಾಟಲಿಯನ್ನೇ ಎತ್ತಿಕೊಂಡು ಬರುತ್ತೀಯ. ನಿನ್ನ ಬುದ್ಧಿ ಚುರುಕು, ಒಪ್ಪಿದೆ. ಕಾಲು ಅದಕ್ಕಿಂತ ಚುರುಕು, ತೊಂದರೆ ಅಲ್ಲೇ. ಆ ತಂತಿಬಲೆ ಯಾಕೆ ಗೊತ್ತೇ? ಒಂದು ಕಾಲದಲ್ಲಿ ಒಳ್ಳೆಯ ಬಾಟಲಿಗೆ ಕಳಪೆ ವೈನ್ ತುಂಬಿ ಮಾರುವ ಖದೀಮರು ಇದ್ದರು. ಬಿರಡೆ ತೆಗೆಯಬೇಕಾದರೆ ಬಲೆ ಕತ್ತರಿಸಲೇಬೇಕು, ಕತ್ತರಿಸಿದರೆ ಮೋಸ ಗೊತ್ತಾಗುತ್ತದೆ ಅಂತ ಸುತ್ತಿದರು. ಈಗ ಅದು ಬರೀ ಒಡವೆ. ಮುಖ ನೋಡಿ ಮಣೆ ಹಾಕುವುದು ಮನುಷ್ಯರ ವಿಷಯದಲ್ಲೂ ಒಳ್ಳೆಯದಲ್ಲ. ವೈನಿನ ವಿಷಯದಲ್ಲಿ ದುಡ್ಡಿಗೂ ದಂಡ.

ಮೊದಲು ಇನ್ನೊಂದು ಮಾತು. ನೀನು ಕುಡಿಯುವವನಲ್ಲದಿದ್ದರೆ, ಕುಡಿಯುವವಳಲ್ಲದಿದ್ದರೆ, ಇದನ್ನು ಓದಿ ಶುರು ಮಾಡಬೇಡ. ಹ್ಯಾಲಮ್‌ಶೈರ್ ಆಸ್ಪತ್ರೆಗೆ ಕೆಲಸಕ್ಕೆ ಅಂತಲೋ, ಯೂನಿವರ್ಸಿಟಿಗೆ ಓದಲು ಅಂತಲೋ ಶೆಫೀಲ್ಡಿಗೆ ಬಂದಿಳಿದ ಮಕ್ಕಳಲ್ಲಿ ಎಷ್ಟೋ ಜನ, ಇಲ್ಲಿ ಗ್ಲಾಸು ಹಿಡಿಯದಿದ್ದರೆ ಯಾರೂ ಹತ್ತಿರ ಸೇರಿಸುವುದಿಲ್ಲ ಅಂದುಕೊಳ್ಳುತ್ತಾರೆ. ಸುಳ್ಳು. ಯಾರ್ಕ್‌ಶೈರಿನವರು ಒಮ್ಮೆ ಕೇಳುತ್ತಾರೆ, ಬೇಡ ಅಂದರೆ ಟೀ ಕೊಡುತ್ತಾರೆ, ಅಲ್ಲಿಗೆ ಮುಗಿಯಿತು. ಎರಡನೇ ಸಲ ಬಲವಂತ ಮಾಡುವವರು ನಮ್ಮವರೇ. ಕುಡಿಯದವರ ಕೈಗೆ ಗ್ಲಾಸು ತುರುಕಿ "ಒಂದು ಗುಟುಕು, ಏನಾಗಲ್ಲ" ಅನ್ನುವ ಮಾವಂದಿರ ಪಕ್ಕ ಕೂರಬೇಡ, ನೀನೂ ಅಂಥ ಮಾವನಾಗಬೇಡ.

ಕುಡಿಯುವವರಿಗೆ ಮಾತ್ರ ಮುಂದಿನ ಮಾತು. ಹಬ್ಬಕ್ಕಲ್ಲ, ಬಾಸ್ ಮನೆಯ ಊಟಕ್ಕಲ್ಲ; ಮಳೆ ಹಿಡಿದ ಬುಧವಾರ ರಾತ್ರಿ ಅನ್ನ, ಸಾರು, ಪಲ್ಯದ ಜೊತೆ ಅರ್ಧ ಗ್ಲಾಸು ಬೇಕು ಅನ್ನಿಸಿದಾಗ ಏನು ತರಬೇಕು ಅನ್ನುವುದು. ನನ್ನ ಉತ್ತರ ಸ್ಪೇನ್. ಫ್ರಾನ್ಸ್ ಅಲ್ಲ, ಇಟಲಿ ಅಲ್ಲ. ಕಾರಣ ಹೇಳುತ್ತೇನೆ, ತಾಳು.

ದುಡ್ಡಿನ ಲೆಕ್ಕ ಮೊದಲು ಆಗಲಿ. 2025ರ ಫೆಬ್ರುವರಿ 1ರಿಂದ ಈ ದೇಶದಲ್ಲಿ ವೈನಿನ ಸುಂಕ ಅದರಲ್ಲಿರುವ ಆಲ್ಕೋಹಾಲಿನ ಪ್ರಮಾಣಕ್ಕೆ ತಕ್ಕಂತೆ. ಆಗ ಗೊತ್ತುಮಾಡಿದ ದರ, ಅಪ್ಪಟ ಆಲ್ಕೋಹಾಲಿನ ಲೀಟರಿಗೆ 29.54 ಪೌಂಡು. ಶೇ. 13ರ ಮಾಮೂಲಿ ಬಾಟಲಿಗೆ ಇದು 2.88 ಪೌಂಡು ಆಗುತ್ತದೆ. ಅದರ ಮೇಲೆ, ಸುಂಕವನ್ನೂ ಸೇರಿಸಿ, ಶೇ. 20 ವ್ಯಾಟ್. ಈಗ ಕೂಡಿ ಕಳೆದು ನೋಡು. 6 ಪೌಂಡಿನ ಬಾಟಲಿಯಲ್ಲಿ ಸರ್ಕಾರದ ಪಾಲು ಹೋಗಿ ಉಳಿಯುವುದು 2.12 ಪೌಂಡು. ಅಷ್ಟರಲ್ಲೇ ಗಾಜು, ಬಿರಡೆ, ಲಾರಿ, ಹಡಗು, ಅಂಗಡಿಯವನ ಲಾಭ ಎಲ್ಲ ಆಗಬೇಕು. ಆಮೇಲೆ ಮಿಕ್ಕಿದ್ದು ವೈನಿಗೆ. 9 ಪೌಂಡಿನ ಬಾಟಲಿಯಲ್ಲಿ ಉಳಿಯುವುದು 4.62. ನೀನು ಕೊಟ್ಟದ್ದು ಒಂದೂವರೆಯಷ್ಟು, ಉಳಿದದ್ದು ಎರಡರಷ್ಟಕ್ಕಿಂತ ಹೆಚ್ಚು. ತೀರಾ ಅಗ್ಗದ್ದನ್ನು ತಂದು "ಉಳಿಸಿದೆ" ಅಂತ ಬೀಗುವವನು ಉಳಿಸುವುದು ಸರ್ಕಾರದ ದುಡ್ಡನ್ನಲ್ಲ, ತನ್ನ ನಾಲಗೆಯ ಪಾಲನ್ನು. ಆಮೇಲೆ ಸುಂಕದ ದರ ಏರಿದರೂ ಲೆಕ್ಕದ ದಾರಿ ಇದೇ.

ಹಾಗಂತ 20 ಪೌಂಡಿಗೆ ಹಾರಬೇಡ. 15 ದಾಟಿದ ಮೇಲೆ ದಿನದ ಊಟಕ್ಕೆ ನೀನು ಕೊಡುವ ದುಡ್ಡಿನಲ್ಲಿ ಒಂದು ಪಾಲು ಹೊಸ ಓಕ್ ಪೀಪಾಯಿಗೆ, ಒಂದು ಪಾಲು ಮನೆತನದ ಹೆಸರಿಗೆ, ಒಂದು ಪಾಲು ಯಾರೋ ವಿಮರ್ಶಕ ಕೊಟ್ಟ ಅಂಕಕ್ಕೆ. ಹಾಸಿಗೆ ಇದ್ದಷ್ಟು ಕಾಲು ಚಾಚು. 8ರಿಂದ 11 ಪೌಂಡಿನ ನಡುವೆ ಸ್ಪೇನಿನಷ್ಟು ಧಾರಾಳವಾಗಿ ಕೊಡುವ ದೇಶ ಯುರೋಪಿನಲ್ಲಿ ಇನ್ನೊಂದಿಲ್ಲ. ಇದು ನನ್ನ ನಾಲಗೆಯ ತೀರ್ಪು, ಬೇಕಾದರೆ ಜಗಳಕ್ಕೆ ಬಾ.

ಯಾಕೆ ಕೊಡುತ್ತದೆ? ಜಗತ್ತಿನಲ್ಲಿ ಅತಿ ಹೆಚ್ಚು ನೆಲದಲ್ಲಿ ದ್ರಾಕ್ಷಿ ಬಳ್ಳಿ ಇರುವುದು ಸ್ಪೇನಿನಲ್ಲಿ. ಆದರೂ ವೈನ್ ತೆಗೆಯುವುದರಲ್ಲಿ ಇಟಲಿ, ಫ್ರಾನ್ಸ್ ಮುಂದೆ. ಅಂದರೆ ಅಲ್ಲಿಯ ಬಳ್ಳಿ ಕಡಿಮೆ ಬಿಡುತ್ತದೆ. ಒಣ ಸೀಮೆ, ಕಲ್ಲು ನೆಲ, ಮಳೆ ಇಲ್ಲ. ನಮ್ಮ ವಿಜಯಪುರದ ಕಡೆ ಮಾಡುವ ಹಾಗೆ ಚಪ್ಪರ ಹಾಕಿ ಮೇಲೆ ಹಬ್ಬಿಸುವುದಿಲ್ಲ. ಎಷ್ಟೋ ಕಡೆ ಬಳ್ಳಿಯನ್ನು ಮೊಣಕಾಲೆತ್ತರಕ್ಕೆ ಸವರಿ, ಪೊದೆಯ ಹಾಗೆ ಒಂದೊಂದನ್ನೂ ದೂರದೂರ ಬಿಟ್ಟಿರುತ್ತಾರೆ. ಅಜ್ಜಂದಿರು ನೆಟ್ಟ ಬಳ್ಳಿ, ಬೇರು ಆಳಕ್ಕಿಳಿದಿದೆ, ಗೊಂಚಲು ಕಡಿಮೆ, ರಸ ಗಟ್ಟಿ. ಇಂಥ ದ್ರಾಕ್ಷಿ ಫ್ರಾನ್ಸಿನ ಹೆಸರಾಂತ ಊರಲ್ಲಿ ಬೆಳೆದಿದ್ದರೆ ನಿನ್ನ ಕೈಗೆ ಎಟುಕುತ್ತಿರಲಿಲ್ಲ. ಸ್ಪೇನಿನಲ್ಲಿ ರೈತರು ಹಣ್ಣನ್ನು ಊರಿನ ಸಹಕಾರ ಸಂಘಕ್ಕೆ ಹಾಕುತ್ತಾರೆ, ಸಂಘ ವೈನ್ ಮಾಡಿ ಮಾರುತ್ತದೆ. ಬಹುಕಾಲ ಆ ವೈನು ಟ್ಯಾಂಕರುಗಳಲ್ಲಿ ಹೋಗಿ ಬೇರೆ ಊರುಗಳ ಹೆಸರಿನಲ್ಲಿ ಕರಗಿಹೋಗುತ್ತಿತ್ತು. ಈಚಿನ ಕೆಲವು ದಶಕಗಳಲ್ಲಿ ಒಳ್ಳೆಯ ಯಂತ್ರ, ತಂಪು ತೊಟ್ಟಿ, ಓದಿದ ಹುಡುಗರು ಬಂದು ರುಚಿ ಸುಧಾರಿಸಿತು. ಬೆಲೆಗೆ ಆ ಸುದ್ದಿ ಇನ್ನೂ ಪೂರ್ತಿ ಮುಟ್ಟಿಲ್ಲ.

ಬ್ರೂಮ್‌ಹಿಲ್‌ನಲ್ಲಿ ಮನೆ ಹುಡುಕಿದ್ದು ನೆನಪಿದೆಯೇ? ಇಂಗ್ಲೆಂಡಿನಲ್ಲೇ ಚೆಲುವಾದ ಬಡಾವಣೆ ಅಂತ ಕವಿ ಜಾನ್ ಬೆಟ್ಜಮನ್ ಹೊಗಳಿದ ಜಾಗ. ಅದಕ್ಕೇ ಇರಬೇಕು, ಬಾಡಿಗೆ ಕೇಳಿದರೆ ತಲೆ ತಿರುಗುತ್ತದೆ. ಬಸ್ಸಿನಲ್ಲಿ ಸ್ವಲ್ಪ ದೂರದ ವಾಕ್ಲಿಯಲ್ಲಿ ಅದೇ ಇಟ್ಟಿಗೆ, ಅದೇ ಕಿಟಕಿ, ಕಡಿಮೆ ದುಡ್ಡು. ಸ್ಪೇನಿನ ವೈನಿನಲ್ಲಿ ಹೆಸರಾಂತ ರಿಯೋಹಾ ಅಂದರೆ ಬ್ರೂಮ್‌ಹಿಲ್. ನೀನು ವಾಕ್ಲಿ ಹುಡುಕು.

ಸ್ಪೇನಿನ ವಾಕ್ಲಿ ಎಲ್ಲಿದೆ ಅಂದರೆ, ಮೊದಲು ಅರಾಗೋನ್ ಸೀಮೆಯ ಸಾರಗೋಸಾ ಸುತ್ತ. ಕಲತಾಯೂದ್, ಕಾಂಪೋ ದೆ ಬೋರ್ಹಾ, ಕರಿನ್ಯೇನಾ, ಮೂರೂ ಅಕ್ಕಪಕ್ಕದ ವೈನ್ ಪ್ರದೇಶಗಳು. ಅಲ್ಲಿಯ ದ್ರಾಕ್ಷಿ ಗರ್ನಾಚಾ. ಬೇಸಿಗೆಯಲ್ಲಿ ಸುಡು ಬಿಸಿಲು, ಉಳಿದಂತೆ ಸಿಯೆರ್ಸೋ ಅನ್ನುವ ಒಣ ಗಾಳಿ ಬೀಸುತ್ತಲೇ ಇರುತ್ತದೆ. ಹಣ್ಣಿಗೆ ಬೂಷ್ಟು ಹಿಡಿಯುವುದು ಕಡಿಮೆ. ವೈನಿಗೆ ಕೆಂಪು ಹಣ್ಣಿನ ಪರಿಮಳ, ಒಂದಿಷ್ಟು ಮೆಣಸಿನ ಘಾಟು, ಒಗರು ಕಡಿಮೆ. ಬೋರ್ಹಾದ ಸಹಕಾರ ಸಂಘಗಳಿಂದ ಬೆಳೆದ ಬೋರ್ಸಾವೋ ಈ ದೇಶದಲ್ಲಿ ಸುಲಭವಾಗಿ ಸಿಗುತ್ತದೆ, ನಾಲಗೆಗೆ ಮೊದಲ ಪಾಠ ಅದರಿಂದ ಆಗಬಹುದು. ಒಂದೇ ಎಚ್ಚರಿಕೆ, ಗರ್ನಾಚಾ ಮೆತ್ತಗೆ ಮಾತಾಡಿ ಗಟ್ಟಿಯಾಗಿ ಹೊಡೆಯುತ್ತದೆ. ಶೇ. 14.5 ಅಂದರೆ ಅಲ್ಲಿ ಮಾಮೂಲು. ಸುಂಕವೂ ಅಷ್ಟಕ್ಕೆ ತಕ್ಕಂತೆ: 2025ರ ಆ ದರದಲ್ಲಿ ಶೇ. 12.5ರದಕ್ಕೆ 2.77 ಪೌಂಡಾದರೆ, 14.5ರದಕ್ಕೆ 3.21.

ಆಮೇಲೆ ದಕ್ಷಿಣಪೂರ್ವಕ್ಕೆ ಇಳಿ. ಹುಮೀಯಾ, ಯೆಕ್ಲಾ. ಹುಮೀಯಾ ಅನ್ನುವುದನ್ನು ಬಾಟಲಿಯ ಮೇಲೆ ಇಂಗ್ಲಿಷಿನ ಜೆ ಅಕ್ಷರದಿಂದ ಬರೆದಿರುತ್ತಾರೆ, ಹೆಚ್ ಹುಡುಕುತ್ತಾ ನಿಲ್ಲಬೇಡ. ಅಲ್ಲಿಯ ದ್ರಾಕ್ಷಿ ಮೊನಸ್ತ್ರೆಲ್: ಕಪ್ಪು, ದಪ್ಪ ಸಿಪ್ಪೆ, ಬಿಸಿಲು ಕುಡಿದು ಬೆಳೆದದ್ದು. ಮಟನ್ ಸಾರು ಇರುವ ಭಾನುವಾರ ಇದನ್ನು ತೆಗೆ. ವಲೆನ್ಸಿಯಾದ ಒಳನಾಡಿನ ಉತಿಯೆಲ್-ರೆಕೇನಾದಲ್ಲಿ ಬೊಬಾಲ್ ಅನ್ನುವ ದ್ರಾಕ್ಷಿ ಇದೆ. ಅಂಗಡಿಯವರಿಗೇ ಅದರ ಮೇಲೆ ಅಷ್ಟು ಗೌರವವಿಲ್ಲ, ನಮಗೆ ಅನುಕೂಲ. ರಿಯೋಹಾದ ರುಚಿಯೇ ಬೇಕು ಅಂತ ಹಟ ಹಿಡಿದರೆ, ಅದರ ಮುಖ್ಯ ದ್ರಾಕ್ಷಿ ತೆಂಪ್ರನೀಯೋ. ಅದನ್ನೇ ಲಾ ಮಾಂಚಾದಲ್ಲಿ, ವಾಲ್ದೆಪೆನ್ಯಾಸ್‌ನಲ್ಲಿ ಬೆಳೆಯುತ್ತಾರೆ, ಎರಡು ಪೌಂಡು ಕಡಿಮೆಗೆ. ಬಿಳಿಯಲ್ಲಿ ರುವೇದಾದ ವೆರ್ದೇಹೋ. ಗಲೀಸಿಯಾದ ಅಲ್ಬರೀನ್ಯೋ ಚೆನ್ನಾಗಿದೆ, ಆದರೆ ಅದಕ್ಕೆ ಈಗ ಹೆಸರು ಬಂದು ಬಾಡಿಗೆ ಏರಿದೆ.

ರಿಯೋಹಾವನ್ನು ಬೈಯುತ್ತಿದ್ದೇನೆ ಅಂದುಕೊಳ್ಳಬೇಡ. ಅದು ಹೆಸರು ಗಳಿಸಿದ್ದು ಪುಕ್ಕಟೆ ಅಲ್ಲ. 19ನೇ ಶತಮಾನದಲ್ಲಿ ಫ್ರಾನ್ಸಿನ ಬಳ್ಳಿಗಳಿಗೆ ಫಿಲಾಕ್ಸೆರಾ ಅನ್ನುವ ಹೇನು ಬಿದ್ದು ತೋಟಗಳು ಒಣಗಿದಾಗ, ಬೋರ್ಡೋದ ವ್ಯಾಪಾರಿಗಳು ಬೆಟ್ಟ ದಾಟಿ ರಿಯೋಹಾಕ್ಕೆ ಬಂದರು. ಅಲ್ಲಿಯ ಆರೋ ಪಟ್ಟಣಕ್ಕೆ 1860ರ ದಶಕದಲ್ಲಿ ರೈಲು ಬಂದಿತ್ತು; ಸ್ಟೇಷನ್ನಿನ ಆಸುಪಾಸಿನಲ್ಲೇ ವೈನ್ ಮನೆಗಳು ಎದ್ದವು. 1877ರ ಲೋಪೆಸ್ ದೆ ಎರೇದಿಯಾ, 1879ರ ಕೂನೆ ಇವತ್ತಿಗೂ ಅಲ್ಲೇ ಇವೆ. ಪೀಪಾಯಿಗಳು ರೈಲು ಹತ್ತಿ ಬಿಲ್ಬಾವೋ ಬಂದರಿಗೆ ಹೋಗುತ್ತಿದ್ದವು. ಅದೇ ಬಿಲ್ಬಾವೋದಿಂದ ಬ್ರಿಟನ್ನಿಗೆ ಹಡಗು ಹಡಗು ಕಬ್ಬಿಣದ ಅದಿರು ಬರುತ್ತಿತ್ತು, ರಂಜಕ ಕಡಿಮೆ ಇದ್ದ ಅದಿರು. ಬೆಸೆಮರ್ ವಿಧಾನದ ಉಕ್ಕಿಗೆ ಅಂಥದ್ದೇ ಬೇಕಾಗಿತ್ತು. ಆ ಬೆಸೆಮರ್ ತನ್ನ ಕಾರ್ಖಾನೆ ಹಾಕಿದ್ದು ನಮ್ಮ ಶೆಫೀಲ್ಡಿನಲ್ಲೇ. ಇದನ್ನು ಊಟದ ಮೇಜಿನಲ್ಲಿ ಹೇಳಿ ಮೆರೆಯಬೇಕು ಅನ್ನಿಸುತ್ತದೆ ನಿನಗೆ. ಒಮ್ಮೆ ಹೇಳು, ಸಾಕು.

ರಿಯೋಹಾ ತಗೊಳ್ಳಲೇಬೇಕು ಅಂದರೆ ಬಾಟಲಿ ತಿರುಗಿಸು. ಬೆನ್ನಿನ ಮೇಲೆ ಅಂಚೆಚೀಟಿಯಷ್ಟು ದೊಡ್ಡ ಮುದ್ರೆ ಇರುತ್ತದೆ, ಅಲ್ಲಿಯ ನಿಯಂತ್ರಣ ಮಂಡಳಿ ಕೊಟ್ಟದ್ದು. ಹಸಿರಾಗಿದ್ದರೆ ಪೀಪಾಯಿಯ ಕಟ್ಟುಪಾಡಿಲ್ಲದ ಮಾಮೂಲಿ ವೈನ್. ಕೆಂಪಾಗಿದ್ದರೆ ಕ್ರಿಯಾನ್ಸಾ: ಎರಡು ವರ್ಷ ಕಾದದ್ದು, ಅದರಲ್ಲಿ ಒಂದು ವರ್ಷವಾದರೂ ಓಕ್ ಪೀಪಾಯಿಯಲ್ಲಿ. ದಿನದ ಊಟಕ್ಕೆ ನಿನ್ನ ಬಣ್ಣ ಇದೇ. ಇನ್ನೂ ಗಾಢ ಕೆಂಪಿನದು ರೆಸೆರ್ವಾ, ಮೂರು ವರ್ಷ. ನೀಲಿ, ಗ್ರಾನ್ ರೆಸೆರ್ವಾ, ಐದು ವರ್ಷ. ಈ ನೀಲಿ ಮುದ್ರೆ 10 ಪೌಂಡಿಗೆ ಸಿಕ್ಕಿತು ಅಂತ ಕುಣಿಯಬೇಡ. ಮಂಡಳಿ ವರ್ಷ ಎಣಿಸಿ ಮುದ್ರೆ ಒತ್ತುತ್ತದೆ. ದ್ರಾಕ್ಷಿಯಲ್ಲಿ ಸತ್ವ ಇತ್ತೋ ಇಲ್ಲವೋ ಅದನ್ನು ನೀನೇ ನೋಡಬೇಕು. ಪೇಲವ ಹಣ್ಣು ಪೀಪಾಯಿಯಲ್ಲಿ ಎಷ್ಟು ವರ್ಷ ಕೂತರೂ ಪೇಲವವೇ, ಮರದ ವಾಸನೆ ಮಾತ್ರ ಹೆಚ್ಚು. ಅದೇ ದುಡ್ಡಿಗೆ ಒಳ್ಳೆಯ ಮನೆಯ ಕ್ರಿಯಾನ್ಸಾ ಮೇಲು. ಸೀನಿಯಾರಿಟಿಗೆ ಬೆಲೆ ಕಟ್ಟಿ ಕಟ್ಟಿ ಮೋಸಹೋಗುವುದು ಸರ್ಕಾರಿ ಆಫೀಸುಗಳಲ್ಲಿ ಸಾಕು.

ಮುದ್ರೆಯ ಪಕ್ಕದ ಸಣ್ಣಕ್ಷರ ಓದು. ಕನ್ನಡಕ ಹಾಕಿಕೊಂಡಾದರೂ ನಾನು ಓದುತ್ತೇನೆ, ನಿನಗೇನು ಧಾಡಿ? ಊರಿನ ಹೆಸರಿದೆಯೇ, ಅಥವಾ ಬರೀ ಸ್ಪೇನಿನ ವೈನ್ ಅಂತಲೇ? ಬರೀ ದೇಶದ ಹೆಸರಿದ್ದರೆ ಸಾಮಾನ್ಯವಾಗಿ ಎಲ್ಲೆಲ್ಲಿಯದೋ ಸೇರಿಸಿದ್ದಾರೆ ಅಂತ ಅರ್ಥ; ಕೆಟ್ಟದ್ದೇ ಅಂತಲ್ಲ, ಆದರೆ 9 ಪೌಂಡು ಕೊಡಬೇಡ. ಬಾಟಲಿಗೆ ತುಂಬಿದವರು ಯಾರು ಅನ್ನುವುದೂ ಅಲ್ಲೇ ಇರುತ್ತದೆ. ಸೂಪರ್‌ಮಾರ್ಕೆಟ್ಟಿನ ಸ್ವಂತ ಹೆಸರಿನ ಬಾಟಲಿಯನ್ನು ನೋಡಿ ಮೂಗು ಮುರಿಯುತ್ತೀಯಲ್ಲ, ಅದರ ಬೆನ್ನಿನಲ್ಲಿ ಎಷ್ಟೋ ಸಲ ದೊಡ್ಡ ಮನೆಯ ಹೆಸರು ಚಿಕ್ಕ ಅಕ್ಷರದಲ್ಲಿ ಕೂತಿರುತ್ತದೆ. ಹಳೆಯ ಬಳ್ಳಿಯದು ಅಂತ ಮುಂದೆ ಬರೆದದ್ದನ್ನು ಮಾತ್ರ ಪೂರ್ತಿ ನಂಬಬೇಡ. ಎಷ್ಟು ವರ್ಷಕ್ಕೆ ಬಳ್ಳಿ ಹಳೆಯದು ಅಂತ ಎಲ್ಲೆಡೆ ಒಪ್ಪಿದ ಕಾನೂನಿಲ್ಲ.

ಇನ್ನು ನಿನಗೆ ಪ್ರಾಣವಾದ ಹಳದಿ ಚೀಟಿ. ಕಾರ್ಡ್ ಇದ್ದವರಿಗೆ 12ರದು 7.50. ಕೇಳು ಮಗು, ವರ್ಷದಲ್ಲಿ ಬಹುಪಾಲು 7.50ಕ್ಕೇ ಮಾರಿಹೋಗುವ ವೈನಿನ ಬೆಲೆ 7.50. ಹನ್ನೆರಡು ಅನ್ನುವುದು ಗೋಡೆಯ ಮೇಲಿನ ಬಣ್ಣ. ಯಾವಾಗಲೂ 9 ಪೌಂಡೇ ಇದ್ದು, ಹಾಗೇ ಮೂಲೆಯಲ್ಲಿ ಸುಮ್ಮನೆ ಕೂತಿರುವ ಬಾಟಲಿ ಹೆಚ್ಚು ಪ್ರಾಮಾಣಿಕ. ಆರು ಬಾಟಲಿ ಕೊಂಡರೆ ಎಲ್ಲದರ ಮೇಲೂ ಕಾಲು ಭಾಗ ರಿಯಾಯಿತಿ ಅಂತ ಆಗಾಗ ಬಿಡುತ್ತಾರಲ್ಲ, ಅದು ನಿಜವಾದ ಲಾಭ. ಆಗ ತಗೋ, ಆದರೆ ಆರನ್ನೂ ಒಂದೇ ವಾರಕ್ಕೆ ಅಂತ ಲೆಕ್ಕ ಹಾಕಬೇಡ. ಕೆಲಸ ಕಾಯಂ ಆದ ಮೇಲೆ 1874ರಿಂದ ನಡೆದು ಬಂದಿರುವ ವೈನ್ ಸೊಸೈಟಿಗೆ ಸದಸ್ಯತ್ವ ತಗೊಳ್ಳಬಹುದು. ಸದಸ್ಯರದೇ ಸಂಸ್ಥೆ, ಹಂಚಿಕೊಳ್ಳಬೇಕಾದ ಲಾಭದ ಹಸಿವಿಲ್ಲ. ಇಲ್ಲದಿದ್ದರೆ ಎಕಲ್‌ಸಾಲ್ ರಸ್ತೆ, ಶಾರೋ ವೇಲ್ ಕಡೆ ನಡೆದು ಹೋಗಿ ವೈನನ್ನೇ ಮಾರುವ ಅಂಗಡಿಯವರನ್ನು ಕೇಳು. "ಹತ್ತು ಪೌಂಡಿನೊಳಗೆ, ಸ್ಪೇನಿನದು, ಖಾರದ ಊಟಕ್ಕೆ." ಬಜೆಟ್ ಹೇಳಲು ನಾಚಿಕೆಪಡುವವನಿಗೆ ಅಂಗಡಿಯವನು ತನ್ನ ಬಜೆಟ್ ಹೇಳುತ್ತಾನೆ.

ಖಾರದ ಊಟ ಅಂದೆನಲ್ಲ, ಅಲ್ಲಿಗೆ ಬಾ. ಪುಸ್ತಕದಲ್ಲಿ ಬರೆದಿರುವ ಜೋಡಿಗಳೆಲ್ಲ ಅದನ್ನು ಬರೆದವರ ಊಟಕ್ಕೆ. ನಮ್ಮ ಸಾರಿನಲ್ಲಿ ಹುಣಸೆ ಇದೆ, ಬ್ಯಾಡಗಿ ಇದೆ, ಇಂಗಿನ ಒಗ್ಗರಣೆ ಇದೆ. ಖಾರಕ್ಕೆ ಆಲ್ಕೋಹಾಲ್ ಸೇರಿದರೆ ಉರಿ ಹೆಚ್ಚುತ್ತದೆ, ಒಗರಿನ ವೈನ್ ಸೇರಿದರೆ ಬಾಯಿ ಒಣಗುತ್ತದೆ. ಅದಕ್ಕೇ ಕೋಳಿ ಸಾರಿನ ರಾತ್ರಿ ದಪ್ಪ ಮೊನಸ್ತ್ರೆಲ್ ತೆಗೆದು "ಸ್ಪೇನಿನ ವೈನ್ ಸರಿಯಿಲ್ಲ" ಅನ್ನಬೇಡ. ಬಿಸಿಬೇಳೆ ಬಾತಿಗೆ, ಕೋರಿ ಗಸ್ಸಿಗೆ ನವಾರ್ರಾದ ಗುಲಾಬಿ ವೈನ್ ಚೆನ್ನಾಗಿ ತಣ್ಣಗೆ ಮಾಡಿ ಕೊಡು. ಕೊಡಗಿನ ಪಂದಿ ಕರಿಯ ಕಾಚಂಪುಳಿ ಹುಳಿಗೆ ಗರ್ನಾಚಾ ಬಗ್ಗುತ್ತದೆ. ಆ ಕೆಂಪನ್ನೂ ಕುಡಿಯುವ ಮುಂಚೆ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡು, ಇಲ್ಲಿಯ ಮನೆಗಳ ಹೀಟರಿನ ಬಿಸಿಗೆ ಎಲ್ಲ ಕೆಂಪು ವೈನೂ ಕಷಾಯವಾಗಿರುತ್ತದೆ. ಕೋಸಂಬರಿಗೆ, ನಿಂಬೆಹಣ್ಣಿನ ಚಿತ್ರಾನ್ನಕ್ಕೆ ವೆರ್ದೇಹೋ. ಮೊಸರನ್ನಕ್ಕೆ ಉಪ್ಪಿನಕಾಯಿ ಸಾಕು, ಅದರ ಜೊತೆ ವೈನ್ ಇಟ್ಟವನನ್ನು ನಾನು ಮನೆಯೊಳಗೆ ಸೇರಿಸುವುದಿಲ್ಲ.

ಈಗ ನನ್ನ ಪಕ್ಷಪಾತ. ಈ ದೇಶದ ಕಪಾಟಿನಲ್ಲಿ ಯೋಗ್ಯತೆಗಿಂತ ಕಡಿಮೆ ಬೆಲೆಗೆ ಕೂತಿರುವ ವೈನ್ ಯಾವುದು ಅಂದರೆ ಫೀನೋ ಶೆರಿ. "ಶೆರಿಯಾ? ಅದು ಕ್ರಿಸ್ಮಸ್ಸಿನಲ್ಲಿ ಮುದುಕಿಯರು ಕುಡಿಯೋದು" ಅನ್ನುತ್ತೀಯ. ಮುದುಕಿಯೇ ಹೇಳುತ್ತಿದ್ದೇನೆ, ಕೇಳು. ಅವರು ಕುಡಿಯುವುದು ಸಿಹಿ ಬೆರೆಸಿದ ಕ್ರೀಮ್ ಶೆರಿ. ಫೀನೋದಲ್ಲಿ ಸಿಹಿಯೇ ಇಲ್ಲ. ಸ್ಪೇನಿನ ಹೆರೆಸ್ ಪಟ್ಟಣದ ಸುತ್ತ, ಸುಣ್ಣದ ಹಾಗೆ ಬೆಳ್ಳಗಿರುವ ಮಣ್ಣಿನಲ್ಲಿ ಪಲೋಮೀನೋ ದ್ರಾಕ್ಷಿ ಬೆಳೆಯುತ್ತಾರೆ. ವೈನ್ ಮಾಡಿ, ಆಲ್ಕೋಹಾಲನ್ನು ಶೇ. 15ಕ್ಕೆ ಏರಿಸಿ, ಪೀಪಾಯಿಯನ್ನು ಪೂರ್ತಿ ತುಂಬದೆ ಬಿಡುತ್ತಾರೆ. ವೈನಿನ ಮೇಲೆ ಯೀಸ್ಟಿನ ಕೆನೆ ಕಟ್ಟುತ್ತದೆ, ಫ್ಲೋರ್ ಅಂತಾರೆ. ಆ ಕೆನೆ ಗಾಳಿ ತಾಗದ ಹಾಗೆ ವೈನನ್ನು ಕಾಯುತ್ತದೆ, ಒಳಗಿನದನ್ನು ತಿಂದು ಖಡಕ್ ಮಾಡುತ್ತದೆ. ಹಳೆಯದಕ್ಕೆ ಹೊಸದನ್ನು ಸೇರಿಸುತ್ತ ವರ್ಷಗಟ್ಟಲೆ ನಡೆಯುವ ಕೆಲಸ. ಇಷ್ಟು ಪಾಡುಪಟ್ಟ ವೈನು, ಅಕ್ಕಪಕ್ಕದ ಎಳೆ ಬಿಳಿ ವೈನಿನ ಬೆಲೆಗೇ ಸಿಗುತ್ತದೆ. ಸಮುದ್ರದ ದಂಡೆಯ ಸಾನ್‌ಲೂಕಾರ್‌ನಲ್ಲಿ ಇದೇ ಬಗೆಯದನ್ನು ಮನ್ಸನೀಯಾ ಅನ್ನುತ್ತಾರೆ, ಉಪ್ಪುಗಾಳಿಯ ರುಚಿ ಇನ್ನೊಂದಿಷ್ಟು. ಇಂಗ್ಲಿಷರಿಗೂ ಇದಕ್ಕೂ ನಂಟು ಹಳೆಯದು. 1587ರಲ್ಲಿ ಫ್ರಾನ್ಸಿಸ್ ಡ್ರೇಕ್ ಕಾದಿಸ್ ಬಂದರಿಗೆ ನುಗ್ಗಿ ಲೂಟಿ ಮಾಡಿ ಬಂದಮೇಲೆ ಈ ವೈನಿನ ಹುಚ್ಚು ಲಂಡನ್ನಿನಲ್ಲಿ ಏರಿತು. ಲೂಟಿ ಮಾಡಿದ್ದಕ್ಕೆ ಇಷ್ಟು ಮರ್ಯಾದೆ, ಈಗ ದುಡ್ಡು ಕೊಟ್ಟು ತರುವಾಗ ಅಸಡ್ಡೆ.

ಮೊದಲ ಗುಟುಕಿಗೆ ನೀನು ಮುಖ ಕಿವುಚುತ್ತೀಯ. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ಪೋರ್ಟ್ ವೈನಿನಲ್ಲಿ ಪಳಗಿದ ನಾಲಗೆ ನಿನ್ನದು, ತಪ್ಪಿಲ್ಲ. ಅದಕ್ಕೇ ಬರೀ ಕುಡಿಯಬೇಡ. ಫ್ರಿಜ್ಜಿನಿಂದ ತೆಗೆದ ಫೀನೋ, ಚಿಕ್ಕ ಗ್ಲಾಸು, ಪಕ್ಕದಲ್ಲಿ ಊರಿಂದ ಬಂದ ಕೋಡುಬಳೆ. ಕೋಡುಬಳೆ ಕಡಿ, ಎಣ್ಣೆ ಖಾರ ನಾಲಗೆಗೆ ಅಂಟಲಿ, ಆಮೇಲೆ ಒಂದು ಗುಟುಕು. ಬಾಯಿ ತೊಳೆದ ಹಾಗಾಗುತ್ತದೆ. ಇನ್ನೊಂದು ಕೋಡುಬಳೆಗೆ ಕೈ ತಾನಾಗಿ ಹೋಗುತ್ತದೆ. ಈರುಳ್ಳಿ ಬಜ್ಜಿ, ಹುರಿದ ಬಂಗುಡೆ, ಚಕ್ಕುಲಿ, ಯಾವುದಕ್ಕೂ ಆಗುತ್ತದೆ. ಅರ್ಧ ಬಾಟಲಿ ಸಿಗುತ್ತದೆ, ಅದನ್ನೇ ತಾ. ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸು. ಮುಂದಿನ ಕ್ರಿಸ್ಮಸ್ಸಿನ ತನಕ ಬೀರುವಿನಲ್ಲಿಟ್ಟರೆ ನೀನು ಹೇಳಿದ ಮುದುಕಿಯರ ಶೆರಿಯೇ ಆಗುತ್ತದೆ.

ಬುರುಗಿನ ವೈನ್ ಬೇಕಾದ ದಿನ ಕಾವಾ. ಶಾಂಪೇನಿನ ಹಾಗೆ ಬಾಟಲಿಯೊಳಗೇ ಎರಡನೇ ಸಲ ಹುಳಿಯಿಸಿ, ಒಂಬತ್ತು ತಿಂಗಳಾದರೂ ಕಾಯಿಸಿರುತ್ತಾರೆ. ಇಟಲಿಯ ಪ್ರೊಸೆಕ್ಕೋವನ್ನು ಸಾಮಾನ್ಯವಾಗಿ ದೊಡ್ಡ ತೊಟ್ಟಿಯಲ್ಲಿ ಬುರುಗೆಬ್ಬಿಸುತ್ತಾರೆ. ಬೆಲೆ ಹೆಚ್ಚೂಕಡಿಮೆ ಒಂದೇ. ಯಾವುದು ತರಬೇಕು ಅಂತ ಬಿಡಿಸಿ ಹೇಳಬೇಕೇ?

ಸಸ್ಯಾಹಾರಿಗಳಿಗೆ ಒಂದು ಮಾತು, ಯಾಕೆಂದರೆ ಇದನ್ನು ಯಾರೂ ಹೇಳುವುದಿಲ್ಲ. ವೈನನ್ನು ತಿಳಿ ಮಾಡಲು ಮೊಟ್ಟೆಯ ಬಿಳಿ, ಜೆಲಟಿನ್, ಮೀನಿನ ಗಾಳಿಚೀಲದ ಅಂಟು, ಹಾಲಿನ ಕೇಸೀನ್ ಬಳಸುವುದುಂಟು. ರಿಯೋಹಾದ ಹಳೆಯ ಪದ್ಧತಿಯ ಮನೆಗಳಲ್ಲಿ ಮೊಟ್ಟೆಯೇ. ಈಗ ಬಹಳ ಜನ ಜೇಡಿಮಣ್ಣಿನಿಂದ ತಿಳಿ ಮಾಡುತ್ತಾರೆ. ಸಸ್ಯಾಹಾರಿಗಳಿಗೆ, ವೀಗನ್ನರಿಗೆ ಸರಿ ಅಂತ ಎಷ್ಟೋ ಬಾಟಲಿಗಳ ಬೆನ್ನಿನಲ್ಲಿ ಬರೆದಿರುತ್ತದೆ. ಏಕಾದಶಿ ಮಾಡುವ ಅತ್ತೆಯ ಮುಂದೆ ವೈನ್ ಕುಡಿಯುವ ಧೈರ್ಯ ಇದ್ದವನಿಗೆ ಅದನ್ನು ಓದುವ ತಾಳ್ಮೆಯೂ ಇರಲಿ.

ತಂದದ್ದನ್ನು ಒಲೆಯ ಮೇಲಿನ ಕಪಾಟಿನಲ್ಲಿ ಇಡಬೇಡ. ಇಲ್ಲಿಯ ಹಳೆಯ ಸಾಲುಮನೆಗಳಿಗೆ ನೆಲಮಾಳಿಗೆ ಇರುತ್ತದೆ. ಮೆಟ್ಟಿಲಿಳಿಯುವ ಕಡೆ ಕಲ್ಲಿನ ಹಲಗೆ ಇದೆ ನೋಡು, ಫ್ರಿಜ್ ಇಲ್ಲದ ಕಾಲದಲ್ಲಿ ಹಾಲು ಬೆಣ್ಣೆ ಇಡುತ್ತಿದ್ದ ಜಾಗ. ಕತ್ತಲು, ತಂಪು, ಅಲುಗಾಟವಿಲ್ಲ. ನೀನು ಅಲ್ಲಿ ಮುರಿದ ಸೈಕಲ್ಲನ್ನೂ ಊರಿಂದ ತಂದ ಖಾಲಿ ಸೂಟ್‌ಕೇಸನ್ನೂ ತುಂಬಿದ್ದೀಯ. ಆದರೆ ಅಲ್ಲಿಟ್ಟ ಮಾತ್ರಕ್ಕೆ 9 ಪೌಂಡಿನ ವೈನ್ ಹತ್ತು ವರ್ಷದಲ್ಲಿ ಅಮೃತವಾಗುವುದಿಲ್ಲ. ಇವು ಈ ವರ್ಷ, ಬಹಳ ಆದರೆ ಬರುವ ವರ್ಷ ಕುಡಿಯುವಂಥವು. ತೆರೆದು ಉಳಿದ ಕೆಂಪನ್ನೂ ಬಿರಡೆ ಹಾಕಿ ಫ್ರಿಜ್ಜಿನಲ್ಲಿಡು, ಮೂರು ದಿನ ಚೆನ್ನಾಗಿರುತ್ತದೆ. ಬಾಟಲಿ ತೆರೆದ ಮೇಲೆ ಮುಗಿಸಲೇಬೇಕು ಅನ್ನುವುದು ಜಿಪುಣತನವೂ ಅಲ್ಲ, ಶೌರ್ಯವೂ ಅಲ್ಲ, ಬರೀ ಆತುರ.

ಎಷ್ಟು ಅನ್ನುವುದು ಕೊನೆಗೆ. 2016ರಿಂದ ಇಲ್ಲಿಯ ಸರ್ಕಾರಿ ವೈದ್ಯರು ಹೇಳುತ್ತಿರುವ ಮಿತಿ ವಾರಕ್ಕೆ 14 ಯುನಿಟ್, ಅದೂ ಮೂರು ದಿನವಾದರೂ ಹಂಚಿ. ಶೇ. 13ರ ಒಂದು ಬಾಟಲಿಯಲ್ಲೇ 9.75 ಇದೆ. ಅಂದರೆ ವಾರಕ್ಕೆ ಒಂದೂವರೆ ಬಾಟಲಿಯೂ ಮಿತಿಯ ಗೋಡೆಯನ್ನು ದಾಟಿಬಿಡುತ್ತದೆ. ನಿನ್ನ ಸ್ನೇಹಿತರು ಐಕಿಯಾದಿಂದ ತಂದ ಮಡಕೆಯಂಥ ಗ್ಲಾಸಿಗೆ ಕಣ್ಣಳತೆಯಲ್ಲಿ ಸುರಿದು "ಒಂದೇ ಗ್ಲಾಸು" ಅನ್ನುತ್ತಾರೆ. ಒಮ್ಮೆ ಅಡಿಗೆಮನೆಯ ಅಳತೆಲೋಟದಲ್ಲಿ 125 ಮಿಲಿ ಅಳೆದು ಆ ಗ್ಲಾಸಿಗೆ ಹಾಕಿ ನೋಡು, ನಗು ಬರುತ್ತದೆ. ಆನ್ ಕಾಲ್ ಇದ್ದ ದಿನ ಬೇಡ, ಕಾರು ಓಡಿಸುವ ದಿನ ಬೇಡ, ಅಮ್ಮನ ಜೊತೆ ಫೋನಿನಲ್ಲಿ ಜಗಳವಾದ ದಿನ ಖಂಡಿತ ಬೇಡ. ಅತ್ತು ಮುಗಿಸಿ ಅನ್ನ ಸಾರು ಉಂಡು ಮಲಗು.

ನಾಲ್ಕು ಹೆಸರು ಕಲಿತ ತಕ್ಷಣ ಇನ್ನೊಬ್ಬರ ಮನೆಯಲ್ಲಿ ಗ್ಲಾಸು ತಿರುಗಿಸಿ, ಮೂಸಿ, ಹುಬ್ಬೇರಿಸುವ ಚಟ ಹತ್ತುತ್ತದೆ. ಅವರು ಕೊಟ್ಟದ್ದು ಐದು ಪೌಂಡಿನದೇ ಇರಲಿ, ಚೆನ್ನಾಗಿದೆ ಅನ್ನು. ನೀನು ತಗೊಂಡು ಹೋದ ಬಾಟಲಿಯನ್ನು ಅವರು ತೆರೆಯದೆ ಒಳಗಿಟ್ಟರೂ ಮುಖ ಸಪ್ಪಗೆ ಮಾಡಬೇಡ. ಕಲತಾಯೂದ್ ಬಗ್ಗೆ ಯಾರಾದರೂ ಕೇಳಿದರೆ ಹೇಳು, ಕೇಳದಿದ್ದರೆ ಅನ್ನಕ್ಕೆ ಇನ್ನೊಂದು ಸಲ ತುಪ್ಪ ಹಾಕಿಸಿಕೋ.

ಶನಿವಾರ ಅಂಗಡಿಗೆ ಹೋಗು. ಅರಾಗೋನಿನ ಒಂದು ಗರ್ನಾಚಾ, ಒಂದು ರುವೇದಾ, ಒಂದು ಅರ್ಧ ಬಾಟಲಿ ಫೀನೋ, ಇಷ್ಟೇ ತಾ. ಮೂರನ್ನೂ ಒಂದೇ ರಾತ್ರಿ ತೆರೆಯಬೇಡ.